ಹದಿನಾಲ್ಕು ಗೆರೆಗಳ ತಲೆಗೂದಲು

ಜಪಾನಿ ಭಾಷೆಯಲ್ಲಿ ತಲೆಗೂದಲನ್ನು ‘ಕಮಿ’ ಎನ್ನುತ್ತಾರೆ, ಅದನ್ನು ಬರೆಯುವ ಕಾಂಜಿ ಅಕ್ಷರಕ್ಕೆ, ಅಂದರೆ ಚೀನಾದಿಂದ ಬಂದ, ಪದದ ಅರ್ಥವನ್ನೇ ಸೂಚಿಸುವ ಅಕ್ಷರಕ್ಕೆ, 14 ಗೆರೆಗಳು. ಅಲ್ಲಿನ ಸರ್ಕಾರ ನಿತ್ಯದ ಬಳಕೆಗೆಂದು ಗೊತ್ತುಪಡಿಸಿರುವ ‘ಜೋಯೋ ಕಾಂಜಿ’ ಪಟ್ಟಿಯಲ್ಲಿ 2010ರ ಪರಿಷ್ಕರಣೆಯ ಬಳಿಕ 2,136 ಅಕ್ಷರಗಳಿವೆ. ಅವುಗಳಲ್ಲಿ 1,026 ಅಕ್ಷರಗಳನ್ನು ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿತು ಮುಗಿಸುತ್ತಾರೆ, ಉಳಿದವು ಮುಂದಿನ ತರಗತಿಗಳ ಪಾಲು. ಕಣ್ಣು, ಕಿವಿ, ಬಾಯಿ, ಕೈಗಳ ಅಕ್ಷರಗಳು ಮೊದಲನೆಯ ತರಗತಿಯಲ್ಲಿಯೇ ಬರುತ್ತವೆ, ತಲೆ ಮತ್ತು ಮುಖದ ಅಕ್ಷರಗಳು ಎರಡನೆಯದರಲ್ಲಿ. ತಲೆಗೂದಲು ಮಾತ್ರ ಪ್ರಾಥಮಿಕ ಶಾಲೆ ದಾಟಿದ ಮೇಲಿನ ಪಾಠ. ಅಲ್ಲಿಯವರೆಗೆ ದಿನವೂ ತಲೆ ಬಾಚಿಕೊಂಡು ಶಾಲೆಗೆ ಬರುವ ಮಗು ಆ ಪದವನ್ನು ಉಚ್ಚಾರವನ್ನಷ್ಟೇ ಸೂಚಿಸುವ ಹಿರಗಾನ ಲಿಪಿಯ ಎರಡು ಅಕ್ಷರಗಳಲ್ಲಿ ಬರೆದು ಮುಂದೆ ಸಾಗುತ್ತದೆ.

ನಾನು ಬೆಂಗಳೂರಿನಲ್ಲಿದ್ದುಕೊಂಡು ಜಪಾನಿ ಕಲಿಯುತ್ತಿರುವವನು. ಕಾಂಜಿಗಳನ್ನು ಚಿತ್ರಗಳಂತೆ ನೋಡಿ ನೆನಪಿಟ್ಟುಕೊಳ್ಳುವುದಕ್ಕೂ ಅವುಗಳ ಅಂಗಾಂಗಗಳನ್ನು ಅರಿತು ಓದುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನನಗೆ ಮನವರಿಕೆ ಮಾಡಿಕೊಟ್ಟ ಅಕ್ಷರ ಇದು. ಆದ್ದರಿಂದ ಈ ಒಂದೇ ಅಕ್ಷರದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸಿತು.

ಕೂದಲಿಗೆ ಸಂಬಂಧಿಸಿದ ಇನ್ನೊಂದು ಕಾಂಜಿಯ ಪರಿಚಯವನ್ನು ಮೊದಲು ಮಾಡಿಕೊಳ್ಳಬೇಕು. ಅದು ‘ಕೆ’ ಅಥವಾ ‘ಮೊ’ ಎಂದು ಓದಿಸಿಕೊಳ್ಳುವ, ನಾಲ್ಕೇ ಗೆರೆಗಳ, ಎರಡನೆಯ ತರಗತಿಯ ಸುಲಭವಾದ ಅಕ್ಷರ. ಮೈಮೇಲಿನ ರೋಮ, ಪ್ರಾಣಿಗಳ ತುಪ್ಪಳ, ಉಣ್ಣೆ, ಹುಬ್ಬಿನ ಕೂದಲು ಎಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ಹೆಣೆಯುವ ಉಣ್ಣೆಯ ನೂಲು ‘ಕೆಇತೊ’, ಹೊದೆಯುವ ಕಂಬಳಿ ‘ಮೋಫು’, ನಮ್ಮ ಕಂಬಳಿಹುಳು ಅಲ್ಲಿ ‘ಕೆಮುಶಿ’. ಹಿರಗಾನ ಮತ್ತು ಕತಕಾನ ಲಿಪಿಗಳನ್ನು ಕಲಿತವರು ತಮಗೆ ತಿಳಿಯದೆಯೇ ಈ ಅಕ್ಷರವನ್ನು ಆಗಲೇ ಬರೆದಿರುತ್ತಾರೆ, ಏಕೆಂದರೆ ಆ ಎರಡೂ ಲಿಪಿಗಳ ‘ಮೊ’ ಅಕ್ಷರಗಳು ಹುಟ್ಟಿರುವುದು ಇದರಿಂದಲೇ. ಇದನ್ನು ಅವಸರದಲ್ಲಿ ಬಾಗಿಸಿ ಬರೆಯುತ್ತಾ ಬಂದದ್ದು ಹಿರಗಾನದ ‘ಮೊ’ ಆಯಿತು. ಮೇಲಿನ ಮೊದಲ ಓರೆಗೆರೆಯನ್ನು ಬಿಟ್ಟು ಉಳಿದದ್ದನ್ನು ಇರಿಸಿಕೊಂಡದ್ದು ಕತಕಾನದ ‘ಮೊ’ ಆಯಿತು. ತಲೆಯ ಕೂದಲನ್ನು ಸ್ಪಷ್ಟವಾಗಿ ಹೇಳಬೇಕಾದಾಗ ಜಪಾನಿಗಳು ಎರಡನ್ನೂ ಜೋಡಿಸಿ ‘ಕಮಿ ನೊ ಕೆ’ ಎನ್ನುವುದುಂಟು.

ಹಾಗೆ ಜೋಡಿಸುವುದಕ್ಕೆ ಕಾರಣವೂ ಇದೆ. ‘ಕಮಿ’ ಎಂಬ ಉಚ್ಚಾರಕ್ಕೆ ದೇವರು, ಕಾಗದ, ತಲೆಗೂದಲು ಎಂಬ ಮೂರು ಬೇರೆ ಬೇರೆ ಪದಗಳಿವೆ. ಟೋಕಿಯೋದ ಮಾತಿನಲ್ಲಿ ದೇವರೆಂಬ ‘ಕಮಿ’ಯ ಮೊದಲ ಅಕ್ಷರವನ್ನು ಏರುಸ್ವರದಲ್ಲಿ ನುಡಿಯುವುದರಿಂದ ಅದು ಕಿವಿಗೆ ಬೇರೆಯಾಗಿ ಕೇಳುತ್ತದೆ. ಕಾಗದ ಮತ್ತು ಕೂದಲಿನ ಸ್ವರದ ಏರಿಳಿತ ಮಾತ್ರ ಒಂದೇ, ಅವುಗಳನ್ನು ಸಂದರ್ಭದಿಂದಲೇ ತಿಳಿಯಬೇಕು. ಬರಹದಲ್ಲಿ ಈ ಗೊಂದಲಕ್ಕೆ ಆಸ್ಪದವೇ ಇಲ್ಲ. ಕಾಂಜಿಯನ್ನು ಹೊರೆಯೆಂದು ಭಾವಿಸುವವರಿಗೆ ನಾನು ಮೊದಲು ತೋರಿಸುವುದು ಈ ಮೂರು ಅಕ್ಷರಗಳನ್ನು.

ಇನ್ನು ನಮ್ಮ ಅಕ್ಷರದ ರೂಪಕ್ಕೆ ಬರೋಣ. ಚೌಕುಳಿ ಪುಸ್ತಕದ ಒಂದು ಮನೆಯಲ್ಲಿ ಅದನ್ನು ಬರೆಯುವಾಗ ಮನೆಯನ್ನು ಮನಸ್ಸಿನಲ್ಲಿಯೇ ಮೇಲೆ ಕೆಳಗೆ ಎಂದು ಎರಡು ಪಾಲು ಮಾಡಿಕೊಂಡು, ಮೇಲಿನ ಪಾಲನ್ನು ಮತ್ತೆ ಎಡಬಲವಾಗಿ ಹಂಚಿಕೊಳ್ಳಬೇಕು. ಮೇಲೆ ಎಡಗಡೆ ಮೊದಲು ಒಂದು ನೆಟ್ಟನೆಯ ಗೆರೆ ಇಳಿಯುತ್ತದೆ, ಅದರ ಬಲಕ್ಕೆ ಒಂದರ ಕೆಳಗೊಂದರಂತೆ ಮೂರು ಕಿರಿಯ ಅಡ್ಡಗೆರೆಗಳು ಬಾಚಣಿಗೆಯ ಹಲ್ಲುಗಳಂತೆ ಕೂರುತ್ತವೆ, ಅವುಗಳಡಿಯಲ್ಲಿ ಸ್ವಲ್ಪ ಉದ್ದವಾದ ಇನ್ನೊಂದು ಅಡ್ಡಗೆರೆ, ಅದಕ್ಕೂ ಕೆಳಗೆ ಮಡಿಸಿದ ಮೊಣಕೈಯಂತಹ ಎರಡು ಗೆರೆಗಳ ಒಂದು ಕೊಕ್ಕೆ. ಇಲ್ಲಿಗೆ ಏಳು ಗೆರೆಗಳಾದವು. ಮೇಲೆ ಬಲಗಡೆ, ಬಲದಿಂದ ಎಡಕ್ಕೆ ಜಾರುವ ಮೂರು ಓರೆಗೆರೆಗಳನ್ನು ಒಂದರ ಕೆಳಗೊಂದು ಎಳೆಯಬೇಕು. ಕೆಳಗಿನ ಪಾಲಿನಲ್ಲಿ ಉಳಿದ ನಾಲ್ಕು ಗೆರೆಗಳು: ಒಂದು ಅಡ್ಡಗೆರೆ, ಅದನ್ನು ದಾಟಿ ಎಡಕ್ಕೆ ಇಳಿಯುವ ಉದ್ದನೆಯ ಓರೆಗೆರೆ, ಮಡಿಕೆಯಾಗಿ ತಿರುಗುವ ಒಂದು ಗೆರೆ, ಕೊನೆಗೆ ಬಲಕ್ಕೆ ಹರಡಿಕೊಂಡು ನಿಲ್ಲುವ ಒಂದು ಗೆರೆ. ಮೇಲಿನ ಹತ್ತು ಗೆರೆಗಳಿಗೆ ಎಷ್ಟು ಜಾಗ ಕೊಡಬೇಕೆಂಬುದೇ ಇದನ್ನು ಬರೆಯುವವರ ಮುಖ್ಯ ಚಿಂತೆ. ಮನೆಯ ಅರ್ಧಕ್ಕಿಂತ ತುಸು ಹೆಚ್ಚನ್ನು ಅವಕ್ಕೆ ಕೊಟ್ಟು, ಕೊನೆಯ ಗೆರೆಯನ್ನು ಧಾರಾಳವಾಗಿ ಹರಡಿದರೆ ಅಕ್ಷರ ತನ್ನ ಕಾಲ ಮೇಲೆ ನಿಂತಂತೆ ಕಾಣುತ್ತದೆ.

ಈ ಭಾಗಗಳಿಗೆ ಒಂದೊಂದಕ್ಕೂ ಅರ್ಥವಿದೆ. ಮೇಲಿನ ಎಡಭಾಗವು ‘ಉದ್ದ’ ಎಂಬ ಅರ್ಥದ ಕಾಂಜಿಯ ರೂಪಾಂತರ. ಆ ಕಾಂಜಿಯಾದರೂ ಮೂಲದಲ್ಲಿ ನೀಳಗೂದಲನ್ನು ಇಳಿಬಿಟ್ಟ ಮುದುಕನೊಬ್ಬನ ಚಿತ್ರವಾಗಿತ್ತೆಂದು ವಿದ್ವಾಂಸರು ವಿವರಿಸುತ್ತಾರೆ. ಆ ಅಕ್ಷರಕ್ಕೆ ಉದ್ದ ಎಂಬ ಅರ್ಥದ ಜೊತೆಗೆ ಹಿರಿಯ, ಮುಖ್ಯಸ್ಥ ಎಂಬ ಅರ್ಥಗಳೂ ಇರುವುದು ಇದಕ್ಕೆ ಹೊಂದುತ್ತದೆ, ಇಂದಿಗೂ ಜಪಾನಿನ ಕಂಪನಿಯ ಮುಖ್ಯಸ್ಥನನ್ನು ಕರೆಯುವ ‘ಶಾಚೋ’ ಎಂಬ ಪದದಲ್ಲಿ ಆ ಅಕ್ಷರವಿದೆ. ಬಲಗಡೆಯ ಮೂರು ಓರೆಗೆರೆಗಳು ಕೂದಲಿನ ಎಳೆಗಳನ್ನೂ ಅಲಂಕಾರದ ವಿನ್ಯಾಸವನ್ನೂ ಸೂಚಿಸುತ್ತವೆ. ಆಕಾರ, ಬಣ್ಣ ಬಳಿಯುವುದು, ಕೆತ್ತುವುದು, ನೆರಳು ಎಂಬ ಅರ್ಥಗಳ ಕಾಂಜಿಗಳಲ್ಲಿ ಇದೇ ಮೂರು ಗೆರೆಗಳು ಬಲಬದಿಯಲ್ಲಿ ನಿಂತಿರುವುದನ್ನು ಕಾಣಬಹುದು. ಎಡಭಾಗ ಮತ್ತು ಬಲಭಾಗ ಸೇರಿದ ಈ ಹತ್ತು ಗೆರೆಗಳ ಗುಂಪಿಗೆ ಜಪಾನಿಯಲ್ಲಿ ‘ಕಮಿಗಶಿರ’ ಎಂದು ಹೆಸರು. ಕಾಂಜಿ ನಿಘಂಟುಗಳು ಅಕ್ಷರಗಳನ್ನು ವಿಂಗಡಿಸಲು ಬಳಸುವ 214 ಮೂಲಾಂಗಗಳಲ್ಲಿ ಇದು 190ನೆಯದು.

ಕೆಳಗಿನ ನಾಲ್ಕು ಗೆರೆಗಳ ವಿಷಯ ಮಾತ್ರ ಹೀಗೆ ನೇರವಾಗಿಲ್ಲ, ನನ್ನ ಮಟ್ಟಿಗೆ ಈ ಅಕ್ಷರದ ನಿಜವಾದ ಪಾಠ ಇರುವುದು ಅಲ್ಲಿಯೇ. ನೋಡುವುದಕ್ಕೆ ಅವು ‘ಸ್ನೇಹಿತ’ ಎಂಬ ಅರ್ಥದ ಕಾಂಜಿಯನ್ನೇ ರೂಪಿಸುತ್ತವೆ. ಹಾಗಾಗಿ ‘ಕೂದಲು ಉದ್ದನೆಯ ಗೆಳೆಯ’ ಎಂಬ ಮಾತು ಜಪಾನಿನಲ್ಲಿ ಜನಜನಿತವಾಗಿದೆ, ಕೂದಲು ಬೆಳೆಸುವ ಔಷಧಿಯೊಂದರ ಜಾಹೀರಾತು ಅದನ್ನೇ ಘೋಷವಾಕ್ಯವಾಗಿ ಬಳಸಿಕೊಂಡಿತ್ತು. ಕಾಂಜಿಯನ್ನು ಕಥೆ ಕಟ್ಟಿ ಕಲಿಸುವ ಪುಸ್ತಕಗಳಿಗಂತೂ ಇದು ಸಿದ್ಧವಾಗಿ ಸಿಕ್ಕಿದ ಸಾಮಗ್ರಿ: ಬಹುಕಾಲ ಜೊತೆಗಿರುವ ಸ್ನೇಹಿತನೇ ಕೂದಲು ಎಂದು ಹೇಳಿದರೆ ಯಾರಿಗಾದರೂ ನೆನಪು ಉಳಿಯುತ್ತದೆ. ಆದರೆ ಅಕ್ಷರದ ಇತಿಹಾಸದಲ್ಲಿ ಈ ಸ್ನೇಹಿತನಿಗೆ ಜಾಗವಿಲ್ಲ. ಹಳೆಯ ರೂಪದಲ್ಲಿ ಈ ಅಕ್ಷರಕ್ಕೆ 15 ಗೆರೆಗಳಿದ್ದವು, ಕೆಳಗಿದ್ದದ್ದು ನಾಯಿ ಎಂಬ ಅರ್ಥದ ಕಾಂಜಿಗೆ ಮತ್ತೊಂದು ಓರೆಗೆರೆಯನ್ನು ಸೇರಿಸಿದಂತಹ ಬೇರೆಯೇ ಒಂದು ಅಂಗ. ಎರಡನೆಯ ಮಹಾಯುದ್ಧದ ಅನಂತರ ಜಪಾನು ತನ್ನ ಅಕ್ಷರಗಳನ್ನು ಸರಳಗೊಳಿಸಿದಾಗ ಒಂದು ಗೆರೆ ಉಳಿಸುವ ಸಲುವಾಗಿ ಅದರ ಬದಲು ಸ್ನೇಹಿತನ ರೂಪವನ್ನು ತಂದು ಕೂರಿಸಲಾಯಿತು.

ಆ ಹಳೆಯ ಅಂಗ ನಾಯಿಯ ಅರ್ಥವನ್ನು ಹೇಳುವುದಕ್ಕಾಗಿಯೂ ಅಲ್ಲಿರಲಿಲ್ಲ, ಉಚ್ಚಾರವನ್ನು ಸೂಚಿಸುವುದಕ್ಕಾಗಿ ಇತ್ತು. ಕಾಂಜಿಗಳಲ್ಲಿ ಬಹುಪಾಲು ಅಕ್ಷರಗಳು ಹೀಗೆಯೇ ಕಟ್ಟಲ್ಪಟ್ಟಿವೆ: ಒಂದು ಅಂಗ ಅರ್ಥದ ವಲಯವನ್ನು ಹೇಳುತ್ತದೆ, ಇನ್ನೊಂದು ಅಂಗ ಧ್ವನಿಯನ್ನು ಹೇಳುತ್ತದೆ. ನಮ್ಮ ಅಕ್ಷರದಲ್ಲಿ ಮೇಲಿನ ಹತ್ತು ಗೆರೆಗಳು ‘ಇದು ಕೂದಲಿಗೆ ಸಂಬಂಧಿಸಿದ್ದು’ ಎಂದರೆ, ಕೆಳಗಿನವು ‘ಇದನ್ನು ಹತ್ಸು ಎಂದು ಓದು’ ಎನ್ನುತ್ತವೆ. ಚೀನಾದಿಂದ ಬಂದ ಉಚ್ಚಾರ ಈ ‘ಹತ್ಸು’, ‘ಕಮಿ’ ಎಂಬುದು ಜಪಾನಿನ ಸ್ವಂತದ ಮಾತು. ಇದಕ್ಕೆ ಒಳ್ಳೆಯ ಸಾಕ್ಷಿಯೆಂದರೆ ‘ಕೀಳು’ ಎಂಬ ಅರ್ಥದ ಕಾಂಜಿ. ಅದರ ಎಡಕ್ಕೆ ಕೈಯ ಅಂಗವಿದೆ, ಬಲಕ್ಕೆ ಇದೇ ‘ಸ್ನೇಹಿತ’ನಿದ್ದಾನೆ, ಹಳೆಯ ರೂಪದಲ್ಲಿ ಅಲ್ಲಿಯೂ ಅದೇ ನಾಯಿಯಂತಹ ಅಂಗವೇ ಇತ್ತು, ಅದರ ಉಚ್ಚಾರ ‘ಬತ್ಸು’. ಸ್ನೇಹಿತನ ಕಾಂಜಿಯ ಸ್ವಂತ ಉಚ್ಚಾರಗಳು ‘ಯೂ’ ಮತ್ತು ‘ತೊಮೊ’, ಅವಕ್ಕೂ ಹತ್ಸು-ಬತ್ಸುಗಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಕೂದಲು ಉದುರುವುದಕ್ಕೆ ಜಪಾನಿಯಲ್ಲಿ ‘ನುಕೆಗೆ’ ಎನ್ನುತ್ತಾರೆ, ಆ ಪದದ ಮೊದಲ ಅಕ್ಷರ ಈ ‘ಕೀಳು’ ಕಾಂಜಿಯೇ.

ಕಥೆ ಕಟ್ಟಿ ಕಲಿಯುವುದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಧ್ವನಿಯ ಅಂಗವಿರುವ ಅಕ್ಷರಕ್ಕೆ ಅರ್ಥದ ಕಥೆಯನ್ನು ಹೊಲಿದರೆ ಕಲಿಯುವವನಿಗೆ ನಷ್ಟವಾಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೇನೆ. ಸ್ನೇಹಿತನ ಕಥೆ ಈ ಒಂದು ಅಕ್ಷರಕ್ಕೆ ಮುಗಿಯಿತು. ಧ್ವನಿಯ ಅಂಗದ ಅರಿವಾದರೋ ಹತ್ಸು, ಬತ್ಸು ಎರಡನ್ನೂ ಒಂದೇ ಸಲಕ್ಕೆ ಕೊಡುತ್ತದೆ, ಜೊತೆಗೆ ಮುಂದೆ ಅಪರಿಚಿತ ಅಕ್ಷರವೊಂದು ಎದುರಾದಾಗ ಅದರ ಉಚ್ಚಾರವನ್ನು ಊಹಿಸುವ ಧೈರ್ಯವನ್ನೂ ಕೊಡುತ್ತದೆ.

ಹತ್ಸು ಎಂಬ ಈ ಉಚ್ಚಾರದಲ್ಲಿ ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. ಜಪಾನಿನ ಹಕಾರ ಬಹಳ ಹಿಂದೆ ಪಕಾರವಾಗಿತ್ತು. ಹಳಗನ್ನಡದ ಪಾಲು, ಪೂವು, ಪತ್ತುಗಳು ನಡುಗನ್ನಡದ ಕಾಲಕ್ಕೆ ಹಾಲು, ಹೂವು, ಹತ್ತು ಆದಂತೆಯೇ ಅಲ್ಲಿಯೂ ಪದದ ಮೊದಲಿನ ಪಕಾರ ಸಡಿಲಗೊಂಡು ಹಕಾರವಾಯಿತು. ನಮ್ಮಲ್ಲಿ ‘ಹತ್ತು’ ಆದರೂ ‘ಇಪ್ಪತ್ತು’ ಎಂಬಲ್ಲಿ ಒತ್ತಕ್ಷರದ ಆಸರೆಯಲ್ಲಿ ಪಕಾರ ಹೇಗೆ ಉಳಿದುಕೊಂಡಿತೋ ಹಾಗೆಯೇ ಅಲ್ಲಿ ಒಂದು ಎಂಬ ಅರ್ಥದ ‘ಇಚಿ’ ಮತ್ತು ‘ಹತ್ಸು’ ಸೇರಿದಾಗ ‘ಇಪ್ಪತ್ಸು’ ಆಗುತ್ತದೆ. ಎರಡು ಭಾಷೆಗಳಿಗೂ ನೆಂಟಸ್ತಿಕೆಯಿದೆಯೆಂದು ನಾನು ಹೇಳುತ್ತಿಲ್ಲ, ಪದಗಳ ಅರ್ಥವೂ ಬೇರೆ. ಆದರೆ ತುಟಿ ಸೇರಿ ಹುಟ್ಟುವ ಧ್ವನಿಯೊಂದು ಎಲ್ಲಿ ಸಡಿಲವಾಗುತ್ತದೆ, ಎಲ್ಲಿ ಬಿಗಿಯಾಗಿ ಉಳಿಯುತ್ತದೆ ಎಂಬ ನಡೆ ಎರಡು ಕಡೆಯೂ ಒಂದೇ ತೆರನಾಗಿದೆ. ಅನುಸ್ವಾರದ ನಂತರವೂ ಜಪಾನಿನಲ್ಲಿ ಪಕಾರವೇ ಕಾಣಿಸಿಕೊಳ್ಳುತ್ತದೆ: ತಲೆ ತೊಳೆಯುವುದು ‘ಸೆಂಪತ್ಸು’, ಹೊಂಬಣ್ಣದ ಕೂದಲು ‘ಕಿಂಪತ್ಸು’. ಇಂತಹ ಪದಗಳಲ್ಲಿ ಹಕಾರ ಯಾವಾಗ ಪಕಾರವಾಗುತ್ತದೆ ಎಂಬುದು ಇತರರಿಗೆ ಉರುಹೊಡೆಯಬೇಕಾದ ನಿಯಮ. ಹತ್ತು-ಇಪ್ಪತ್ತುಗಳನ್ನು ಬಾಲ್ಯದಿಂದ ಎಣಿಸಿದ ನಮ್ಮ ಕಿವಿಗೆ ಅದು ಅಷ್ಟೇನೂ ಹೊಸದಲ್ಲ.

ಆ ‘ಇಪ್ಪತ್ಸು’ ಬರುವ ಪ್ರಸಿದ್ಧ ನುಡಿಗಟ್ಟು ‘ಕಿಕಿ ಇಪ್ಪತ್ಸು’. ಒಂದೇ ಕೂದಲೆಳೆಗೆ ಭಾರವಾದ ವಸ್ತುವೊಂದು ಜೋತಾಡುತ್ತಿದೆ ಎಂಬ ಹಳೆಯ ಚೀನೀ ಕಲ್ಪನೆಯಿಂದ ಬಂದ ಇದು, ಅಪಾಯ ಇನ್ನೇನು ಎರಗಲಿದೆ ಎಂಬ ಗಳಿಗೆಯನ್ನು ಸೂಚಿಸುತ್ತದೆ. ಇದನ್ನು ಬರೆಯುವಾಗ ಜಪಾನಿಗಳೇ ಕೂದಲಿನ ಅಕ್ಷರದ ಬದಲು, ಗುಂಡು ಹಾರಿಸುವುದು ಅಥವಾ ಹೊರಡುವುದು ಎಂಬ ಅರ್ಥದ ಮತ್ತೊಂದು ‘ಹತ್ಸು’ವನ್ನು ಬರೆದುಬಿಡುವುದುಂಟು, ಶಾಲೆಯ ಪರೀಕ್ಷೆಗಳಲ್ಲಿ ಇದು ಸಾಮಾನ್ಯವಾಗಿ ತಿದ್ದಲ್ಪಡುವ ತಪ್ಪು. ಕುತೂಹಲದ ಸಂಗತಿಯೆಂದರೆ ಚೀನಾದಲ್ಲಿ ಈ ಎರಡು ಅಕ್ಷರಗಳನ್ನು ಅಧಿಕೃತವಾಗಿಯೇ ಒಂದು ಮಾಡಲಾಗಿದೆ. 1950ರ ದಶಕದ ಲಿಪಿ ಸರಳೀಕರಣದಲ್ಲಿ ಕೂದಲಿನ ‘ಫಾ’ ಮತ್ತು ಹೊರಡುವ ‘ಫಾ’ ಎರಡಕ್ಕೂ ಐದೇ ಗೆರೆಗಳ ಒಂದೇ ಅಕ್ಷರವನ್ನು ಗೊತ್ತುಪಡಿಸಿದರು, ಮಾತಿನಲ್ಲಿ ಅವೆರಡರ ಸ್ವರ ಬೇರೆಯಾದರೂ ಬರಹದಲ್ಲಿ ಭೇದ ಉಳಿಯಲಿಲ್ಲ. ಇದರಿಂದಾಗಿ ಅಲ್ಲಿ ಯಾರಾದರೂ ಕ್ಷೌರದ ಅಂಗಡಿಗೆ ಹಳೆಯ ಲಿಪಿಯಲ್ಲಿ ಫಲಕ ಬರೆಸಲು ಹೊರಟಾಗ ಕೂದಲಿನ ಜಾಗದಲ್ಲಿ ಇನ್ನೊಂದು ‘ಫಾ’ ಬಂದು ಕೂರುವುದುಂಟು. ಹಾಂಗ್‌ಕಾಂಗಿನಲ್ಲಿ ಇದೇ ಉಚ್ಚಾರಸಾಮ್ಯ ಊಟದ ತಟ್ಟೆಗೂ ಬಂದಿದೆ: ಕಪ್ಪುಗೂದಲಿನಂತೆ ಕಾಣುವ ಒಂದು ಬಗೆಯ ಪಾಚಿಯ ಹೆಸರು ‘ಫಾತ್ ಚೊಯ್’ ಎಂದಿದ್ದು, ‘ಸಂಪತ್ತು ಗಳಿಸು’ ಎಂಬ ಹಾರೈಕೆಯಂತೆಯೇ ಕೇಳುವುದರಿಂದ ಹೊಸವರ್ಷದ ಅಡುಗೆಯಲ್ಲಿ ಅದನ್ನು ಬಳಸುತ್ತಾರೆ. ಜಪಾನು ಎರಡು ಅಕ್ಷರಗಳನ್ನೂ ಬೇರೆ ಬೇರೆಯಾಗಿಯೇ ಉಳಿಸಿಕೊಂಡದ್ದು ನನಗೆ ಸರಿಯೆನಿಸುತ್ತದೆ. ಗೆರೆ ಹೆಚ್ಚಾದರೂ ಓದುವವನಿಗೆ ಅನುಮಾನ ಬರುವುದಿಲ್ಲ.

ಈ ಅಕ್ಷರವಿರುವ ಪದಗಳನ್ನು ಹುಡುಕುತ್ತಾ ಹೋದರೆ ಜಪಾನಿನ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಇಂದು ಕ್ಷೌರ ಮಾಡಿಸಿಕೊಳ್ಳುವುದಕ್ಕೆ ‘ಸಂಪತ್ಸು’ ಎನ್ನುತ್ತಾರೆ. ಅದರ ಅಕ್ಷರಗಳ ಅರ್ಥ ‘ಹರಡಿದ ಕೂದಲು’, ಅಂದರೆ ಜುಟ್ಟು ಕಟ್ಟದೆ ಬಿಟ್ಟ ಕೂದಲು. 1871ರಲ್ಲಿ ಮೇಜಿ ಸರ್ಕಾರ ಹೊರಡಿಸಿದ ಆಜ್ಞೆಯೊಂದು, ಸಮುರಾಯಿಗಳು ತಲೆಯ ಮೇಲಿನ ಜುಟ್ಟನ್ನು ತೆಗೆಸುವುದಕ್ಕೂ ಸೊಂಟದ ಕತ್ತಿಯನ್ನು ಬಿಡುವುದಕ್ಕೂ ಸ್ವಾತಂತ್ರ್ಯ ಕೊಟ್ಟಿತು, ಆ ಆಜ್ಞೆಯ ಹೆಸರಿನಲ್ಲಿಯೇ ‘ಸಂಪತ್ಸು’ ಎಂಬ ಪದವಿದೆ. 1873ರಲ್ಲಿ ಸ್ವತಃ ಚಕ್ರವರ್ತಿ ಮೇಜಿ ತನ್ನ ಜುಟ್ಟನ್ನು ತೆಗೆಸಿದ ಮೇಲೆ ಪ್ರಜೆಗಳಲ್ಲಿ ಹಿಂಜರಿಕೆ ಕಡಿಮೆಯಾಯಿತು. ಗಂಡಸರಿಗೆ ಹೀಗೆ ಉತ್ತೇಜನ ದೊರೆಯುತ್ತಿದ್ದ ಕಾಲದಲ್ಲಿಯೇ, 1872ರಲ್ಲಿ, ಟೋಕಿಯೋದಲ್ಲಿ ಹೆಂಗಸರು ಕೂದಲನ್ನು ಮೋಟಾಗಿ ಕತ್ತರಿಸಿಕೊಳ್ಳುವುದನ್ನು ನಿಷೇಧಿಸಲಾಯಿತು ಎಂಬುದನ್ನೂ ಜೊತೆಗೇ ಓದಬೇಕು.

ಜುಟ್ಟು ಇಂದಿಗೂ ವೃತ್ತಿಯ ಗುರುತಾಗಿ ಉಳಿದಿರುವುದು ಸುಮೊ ಕುಸ್ತಿಯಲ್ಲಿ. ಪೈಲ್ವಾನರ ಕೂದಲಿಗೆ ಸುವಾಸನೆಯ ‘ಬಿಂತ್ಸುಕೆ’ ಎಣ್ಣೆಯನ್ನು ತಿಕ್ಕಿ, ಬಾಚಿ, ಜುಟ್ಟು ಕಟ್ಟಲು ‘ತೊಕೊಯಾಮ’ ಎಂಬ ಪ್ರತ್ಯೇಕ ಕೇಶಕರ್ಮಿಗಳಿದ್ದಾರೆ. ಮೇಲಿನ ಎರಡು ವಿಭಾಗಗಳಿಗೆ ಏರಿದವರಿಗೆ ಕಣದಲ್ಲಿ ಗಿಂಕೊ ಎಲೆಯ ಆಕಾರದ ‘ಓಇಚೋ’ ಜುಟ್ಟು. ಪೈಲ್ವಾನನೊಬ್ಬ ನಿವೃತ್ತನಾದಾಗ ನಡೆಯುವ ‘ದಂಪತ್ಸು ಶಿಕಿ’ಯ ದೃಶ್ಯವನ್ನು ನಾನು ಪರದೆಯ ಮೇಲೆ ನೋಡಿದ್ದೇನೆ: ಕಣದ ನಡುವೆ ಔಪಚಾರಿಕ ಉಡುಗೆಯಲ್ಲಿ ಆತ ಕುಳಿತಿರುತ್ತಾನೆ, ಪಕ್ಕದಲ್ಲಿ ತೀರ್ಪುಗಾರ ಚಿನ್ನದ ಬಣ್ಣದ ಕತ್ತರಿಯನ್ನು ಹಿಡಿದು ನಿಂತಿರುತ್ತಾನೆ, ಬಂಧುಗಳೂ ಅಭಿಮಾನಿಗಳೂ ಒಬ್ಬೊಬ್ಬರಾಗಿ ಬಂದು ಜುಟ್ಟಿಗೆ ಒಂದಿಷ್ಟೇ ಕತ್ತರಿ ತಾಗಿಸಿ ಹೋಗುತ್ತಾರೆ, ಕೊನೆಯ ಕತ್ತರಿ ಗುರುವಿನದು. ‘ದಂಪತ್ಸು’ ಎಂಬ ಪದದ ಎರಡನೆಯ ಅಕ್ಷರವನ್ನು ಅಲ್ಲಿನ ಫಲಕದಲ್ಲಿ ದಪ್ಪ ಕುಂಚದ ಬರಹದಲ್ಲಿ ಕಂಡಾಗ, ಅದರ ಮೂರು ಓರೆಗೆರೆಗಳನ್ನು ಗುರುತಿಸಿ ನನಗೆ ಬಹಳ ಸಂತೋಷವಾಗಿತ್ತು.

ಬೌದ್ಧರ ಮೂಲಕ ಬಂದ ಪದಗಳಲ್ಲಿ ಇದೇ ಅಕ್ಷರ ‘ಹೊತ್ಸು’ ಎಂದು ಓದಿಸಿಕೊಳ್ಳುತ್ತದೆ. ಬುದ್ಧನ ವಿಗ್ರಹದ ತಲೆಯ ಮೇಲೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡಿರುವ ಗುಂಗುರುಗಳಿಗೆ ‘ರಾಹೊತ್ಸು’ ಎಂದು ಹೆಸರು. ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ಇಂತಹ 966 ಗುಂಗುರುಗಳಿವೆಯೆಂದು ಪರಂಪರೆಯಿಂದ ಹೇಳುತ್ತಾ ಬಂದಿದ್ದರು. 2015ರಲ್ಲಿ ಲೇಸರ್ ಅಳತೆಯ ಮೂಲಕ ಎಣಿಸಿದಾಗ, ಕಳಚಿಹೋದ 9 ಸೇರಿ ಅವು 492 ಎಂದು ತಿಳಿದುಬಂತು. 752ರಲ್ಲಿ ಈ ವಿಗ್ರಹದ ಕಣ್ಣುಗಳನ್ನು ಬರೆದು ಪ್ರತಿಷ್ಠೆ ಮಾಡಿದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು, ಆತ ಬಳಸಿದ ಕುಂಚ ಅಲ್ಲಿನ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಇದೆ.

ಮತ್ತೆ ಅಕ್ಷರದ ಮೇಲ್ಭಾಗಕ್ಕೆ ಮರಳುತ್ತೇನೆ. ಕಮಿಗಶಿರ ಎಂಬ ಮೂಲಾಂಗವಿರುವ ಅಕ್ಷರಗಳು ನಿಘಂಟಿನಲ್ಲಿ ಹಲವಿವೆ: ಜುಟ್ಟು, ಕೆನ್ನೆಯ ಪಕ್ಕದ ಕೂದಲು, ಸಿಂಹ ಮತ್ತು ಕುದುರೆಗಳ ಕೇಸರ, ನಾಟಕದವರು ತೊಡುವ ಕೃತಕ ಕೂದಲು. ಇವುಗಳಲ್ಲಿ ಜೋಯೋ ಪಟ್ಟಿಗೆ ಸೇರಿರುವುದು ತಲೆಗೂದಲು ಮಾತ್ರ. ಪಟ್ಟಿಯ ಹೊರಗಿನವುಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಗಡ್ಡಮೀಸೆಯ ಮೂರು ಅಕ್ಷರಗಳು. ಜಪಾನಿನ ಮಾತಿನಲ್ಲಿ ಮೂರೂ ‘ಹಿಗೆ’ಯೇ, ಬರಹದಲ್ಲಿ ಮಾತ್ರ ಮೇಲ್ತುಟಿಯದು ಬೇರೆ, ಗಲ್ಲದ್ದು ಬೇರೆ, ಕೆನ್ನೆಯದು ಬೇರೆ. ಗಲ್ಲದ ಗಡ್ಡಕ್ಕೆ ಮೊದಲಿದ್ದ ಅಕ್ಷರ ಮುಖದ ಪಕ್ಕ ಮೂರು ಓರೆಗೆರೆಗಳನ್ನು ಇಟ್ಟ ಸರಳ ರೂಪ. ‘ಅವಶ್ಯ’ ಎಂಬ ಅರ್ಥದ ಪದಕ್ಕೆ ಉಚ್ಚಾರ ಹೊಂದಿತೆಂದು ಅದನ್ನು ಎರವಲು ಪಡೆದರು, ಎರವಲು ಕೊಟ್ಟದ್ದು ಹಿಂದಿರುಗಲಿಲ್ಲ, ಕೊನೆಗೆ ಅದರ ನೆತ್ತಿಯ ಮೇಲೆ ಕಮಿಗಶಿರದ ಹತ್ತು ಗೆರೆಗಳನ್ನು ಹೇರಿ ಗಡ್ಡಕ್ಕೆ 22 ಗೆರೆಗಳ ಹೊಸ ಅಕ್ಷರವನ್ನು ಕಟ್ಟಬೇಕಾಯಿತು.

ಸದ್ಯ ನಾನು ಅಭ್ಯಾಸ ಮಾಡುತ್ತಿರುವುದು ಮೇಲ್ತುಟಿಯ ಮೀಸೆಯ ಅಕ್ಷರವನ್ನು. ಮೇಲೆ ಅದೇ ಹತ್ತು ಗೆರೆಗಳಿವೆ, ಕೆಳಗೆ ‘ಇದು’ ಎಂಬ ಅರ್ಥದ, ‘ಶಿ’ ಎಂದು ಓದಿಸಿಕೊಳ್ಳುವ ಆರು ಗೆರೆಗಳ ಅಂಗ. ಮೀಸೆಗೂ ‘ಇದು’ವಿಗೂ ಏನು ಸಂಬಂಧವೆಂದು ಹುಡುಕುವ ಅಗತ್ಯ ಈಗ ಬೀಳಲಿಲ್ಲ, ನಿಘಂಟನ್ನು ತೆರೆಯುವ ಮೊದಲೇ ಇದರ ಚೀನೀ ಮೂಲದ ಉಚ್ಚಾರ ‘ಶಿ’ ಇರಬೇಕೆಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದೆ, ನಿಘಂಟಿನಲ್ಲಿಯೂ ಹಾಗೆಯೇ ಇತ್ತು.